ಕಟ್ಟಿಸಿದ ಹಲ್ಲು ಏಕೆ ಮುರಿಯುತ್ತದೆ?



ಮನೆ ಭೇಟಿಗೆ ಹೋದಾಗ ಹಿರಿಯರಲ್ಲಿ "ಊಟ ಸೇರುತ್ತದೆಯೇ?" ಎಂದು ನಾವು ವಿಚಾರಿಸುವುದುಂಟು. "ಹಲ್ಲಿನ ಸೆಟ್ ಎರಡು ತುಂಡಾಗಿದೆ, ಈಗ ಗಂಜಿಯೇ ಗತಿ" ಎಂಬ ಉತ್ತರ ಅಪರೂಪವೇನಲ್ಲ. ಸೆಟ್ ಮುರಿದರೆ ಕೆಡುವುದು ಮುಖದ ಅಂದ ಮಾತ್ರವಲ್ಲ. ಕಾಳು, ತರಕಾರಿ, ಮೀನು ಬಿಟ್ಟು ಬರೀ ಗಂಜಿ ಉಂಡರೆ ವೃದ್ಧರ ಮೈಬಲ ಬೇಗ ಕುಗ್ಗುತ್ತದೆ.

ಹಿಂದೆ ಶ್ರೀಮಂತರು ದಂತದಿಂದ ಹಲ್ಲು ಕೆತ್ತಿಸುತ್ತಿದ್ದರು. ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಸೆಟ್ಟಿನಲ್ಲಿ ನೀರಾನೆಯ ದಂತವಿತ್ತು. 19ನೇ ಶತಮಾನದ ಮಧ್ಯದಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ ವಲ್ಕನೈಟ್ ಬಂತು. 1930ರ ದಶಕದ ಕೊನೆಯಲ್ಲಿ ಅದರ ಸ್ಥಾನಕ್ಕೆ ಅಕ್ರಿಲಿಕ್ ಬಂದು, ಇಂದಿಗೂ ಹೆಚ್ಚಿನ ಸೆಟ್ಟುಗಳು ಅದರಿಂದಲೇ ತಯಾರಾಗುತ್ತಿವೆ. ಹಗುರ, ಅಗ್ಗ, ವಸಡಿನ ಬಣ್ಣ, ಮುರಿದರೆ ದುರಸ್ತಿ ಸಾಧ್ಯ — ಇವು ಅದರ ಗುಣಗಳು.

ಬಿಸಿಯಲ್ಲಿ ಗಟ್ಟಿಗೊಳಿಸಿದ ಅಕ್ರಿಲಿಕ್ ಬಾಗಿಸಿದಾಗ ಚದರ ಮಿಲಿಮೀಟರಿಗೆ ಕನಿಷ್ಠ 65 ನ್ಯೂಟನ್, ಅಂದರೆ ಸುಮಾರು ಆರೂವರೆ ಕಿಲೋ ಒತ್ತಡ ತಾಳಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಪೂರ್ತಿ ಸೆಟ್ ಹಾಕಿದವರ ಕಚ್ಚುವ ಬಲ ಸ್ವಂತ ಹಲ್ಲಿನವರಿಗಿಂತ ಬಹಳ ಕಡಿಮೆ. ಹಾಗಾದರೆ ಮುರಿಯುವುದೇಕೆ?

ಕಾರಣ ಎರಡು. ಮೊದಲನೆಯದು ಕೈಜಾರಿ ಬೀಳುವುದು. ಎರಡನೆಯದು ದಣಿವು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲವೇ? ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆಗ ಮೇಲಿನ ಸೆಟ್ ಅಂಗುಳಿನ ನಡುಭಾಗದ ಮೇಲೆ ತಕ್ಕಡಿಯಂತೆ ಆಡುತ್ತದೆ. ಪ್ರತಿ ಅಗಿತಕ್ಕೂ ತುಸು ಬಾಗಿ, ಕಣ್ಣಿಗೆ ಕಾಣದ ಬಿರುಕು ಬೆಳೆದು, ಒಂದು ದಿನ ಮೆತ್ತಗಿನ ಅನ್ನ ಉಣ್ಣುವಾಗಲೇ ನಡುವೆ ಸೀಳುತ್ತದೆ. ಆದುದರಿಂದ ಸಡಿಲವಾದ ಸೆಟ್ ಮುರಿಯಲಿರುವ ಸೆಟ್ ಎಂದೇ ತಿಳಿಯಬೇಕು. ವೈದ್ಯರು ಒಳಮೈಗೆ ಹೊಸ ಪದರ ಕೊಟ್ಟು ಅದನ್ನು ಸರಿಹೊಂದಿಸಬಲ್ಲರು.

ಪದೇ ಪದೇ ಮುರಿಯುವವರಿಗೆ ರಬ್ಬರಿನ ಅಂಶ ಸೇರಿಸಿದ, ಪೆಟ್ಟು ತಾಳುವ ಅಕ್ರಿಲಿಕ್ ಇದೆ. ಗಾಜಿನ ನಾರು ಅಥವಾ ಲೋಹದ ಬಲೆ ಹುದುಗಿಸಬಹುದು. ಕೋಬಾಲ್ಟ್-ಕ್ರೋಮಿಯಂ ಲೋಹದ ತಳ ಇನ್ನೂ ಗಟ್ಟಿ; ಖರ್ಚು ಮಾತ್ರ ಹೆಚ್ಚು.

ಕೆಲವು ಸಲಹೆಗಳು:

1. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಡಿ, ಅಥವಾ ದಪ್ಪ ಬೈರಾಸು ಹಾಸಿ. ಮೆದು ಬ್ರಷ್, ಸಾಬೂನು ಸಾಕು. ಒರಟು ಪೇಸ್ಟ್, ಬೂದಿ ಬೇಡ.

2. ಕುದಿಯುವ ನೀರು ಬೇಡ; ಸೆಟ್ ಸೊಟ್ಟಗಾಗುತ್ತದೆ.

3. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಹಾಕಿಕೊಂಡೇ ಮಲಗಿದರೆ ಅಂಗುಳಲ್ಲಿ ಬೂಸ್ಟಿನ ಸೋಂಕಿನಿಂದ ಉರಿಯೂತ ಬರಬಹುದು.

4. ಅಡಿಕೆಯನ್ನು ಸೆಟ್ಟಿನಲ್ಲಿ ಕಚ್ಚಿ ಒಡೆಯಬೇಡಿ. ಕುಟ್ಟಾಣಿಯಲ್ಲಿ ಕುಟ್ಟಿದರೆ ಸೆಟ್ ಉಳಿದೀತು, ಆದರೆ ಬಾಯಿ ಉಳಿಯದು. ಅಡಿಕೆ ಅಗಿಯುವುದೇ ಕ್ಯಾನ್ಸರಿಗೆ ಕಾರಣವೆಂದು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿದೆ. ಅಡಿಕೆ ಬೆಳೆದು ಬದುಕುವ ನಮ್ಮೂರಿಗೆ ಈ ಮಾತು ಕಹಿಯಾದರೂ ಹೇಳದೆ ಗತ್ಯಂತರವಿಲ್ಲ.

5. ಮುರಿದ ಸೆಟ್ಟನ್ನು ಅಂಗಡಿಯ ಗೋಂದಿನಿಂದ ಅಂಟಿಸಬೇಡಿ. ತುಂಡುಗಳು ಸ್ವಲ್ಪ ಸರಿದು ಕೂತರೂ ಬಾಯಿಗೆ ಹೊಂದುವುದಿಲ್ಲ. ವೈದ್ಯರಿಗೂ ದುರಸ್ತಿ ಕಷ್ಟವಾಗುತ್ತದೆ. ಎಲ್ಲ ತುಂಡುಗಳನ್ನೂ ಜೋಪಾನವಾಗಿ ಒಯ್ಯಿರಿ.

6. ಬಿರುಕು ಕಂಡ ಸೆಟ್ ಹಾಕಬೇಡಿ. ತುಂಡೊಂದು ಗಂಟಲಿಗೆ, ಶ್ವಾಸನಾಳಕ್ಕೆ ಜಾರಿದರೆ ಪ್ರಾಣಾಪಾಯ. ಸಾಮಾನ್ಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ.

ಮುಳ್ಳೇರಿಯದವರಿಗೆ ಚೆರ್ಕಳ–ಜಾಲ್ಸೂರು ರಸ್ತೆಯಾಗಿ ಸುಳ್ಯದ ದಂತ ಕಾಲೇಜು ದೂರವೇನಲ್ಲ. ಬಡತನ ರೇಖೆಗಿಂತ ಕೆಳಗಿನ, 60 ದಾಟಿದವರಿಗೆ ಸೆಟ್ ಒದಗಿಸಲು ಕೇರಳ ಸರಕಾರದ ಸಾಮಾಜಿಕ ನ್ಯಾಯ ಇಲಾಖೆ 'ಮಂದಹಾಸಂ' ಯೋಜನೆ ರೂಪಿಸಿದೆ. ಅರ್ಜಿ ತುಂಬಿಸಲು ಅಜ್ಜ ಅಜ್ಜಿಯರಿಗೆ ಮನೆಯ ಯುವಕರು ನೆರವಾಗಲಿ. ಈ ವಾರವೇ ಅವರ ಸೆಟ್ಟನ್ನು ಬೆಳಕಿಗೆ ಹಿಡಿದು ಬಿರುಕಿದೆಯೇ ಎಂದು ನೋಡಲಿ.