ಕಟ್ಟಿದ ಫೀಸು ವಾಪಸ್ ಬರುವುದೇ ಇಲ್ಲವೇ?

ರಸೀದಿಯ ಕೆಳಗೊಂದು ಕೆಂಪು ಮೊಹರು: ‘ಒಮ್ಮೆ ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.’ ಮಗಳಿಗೆ ಬಿ.ಕಾಂ. ಸೀಟು ಹಿಡಿದಿಟ್ಟು, ಆಮೇಲೆ ಬೇರೆ ಕಡೆ ಬಿಸಿಎ ಸಿಕ್ಕಿತೆಂದು ಬಿಡಿಸಲು ಬಂದ ಅಪ್ಪ ಅದನ್ನು ನೋಡಿಯೇ ಹಣದ ಆಸೆ ಬಿಡುತ್ತಾರೆ. ಬಿಡಬೇಕಿಲ್ಲ. ಮೊಹರು ಕಾಲೇಜು ತಾನೇ ಮಾಡಿಸಿಕೊಂಡದ್ದು. ಪದವಿ ಕೋರ್ಸುಗಳಿಗೆ ಅನ್ವಯಿಸುವುದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ. ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅದೇ.

‘ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ’ ಎನ್ನುವುದೂ ಸರಿಯಲ್ಲ. ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ತಾರೀಖು. ಫೀಸು 1,20,000 ರೂಪಾಯಿ, ಪ್ರವೇಶಕ್ಕೆ ಕೊನೆಯ ದಿನ ಆಗಸ್ಟ್ 31 ಎಂದುಕೊಳ್ಳಿ. ಅದಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಹಣ ಬರುತ್ತದೆ. ಸಂಸ್ಕರಣಾ ಶುಲ್ಕವೆಂದು ಶೇ 5ರವರೆಗೆ, ಅದೂ 5,000 ರೂಪಾಯಿ ಮೀರದಂತೆ, ಹಿಡಿದುಕೊಳ್ಳಬಹುದು. ಆಗಸ್ಟ್ 25ಕ್ಕೆ ಬಿಟ್ಟರೆ ಶೇ 90. ಸೆಪ್ಟೆಂಬರ್ 10ಕ್ಕೆ ಶೇ 80, ಅಂದರೆ 96,000. ಸೆಪ್ಟೆಂಬರ್ 20ಕ್ಕೆ ಅರ್ಧ, 60,000. ಕೊನೆಯ ದಿನ ಕಳೆದು 30 ದಿನ ದಾಟಿತೋ, ಕಾಷನ್ ಡಿಪಾಸಿಟ್ ಬಿಟ್ಟು ಬೇರೇನೂ ಇಲ್ಲ. ಆಫೀಸಿನಲ್ಲಿ ‘ಮುಂದಿನ ವಾರ ಬನ್ನಿ, ಪ್ರಿನ್ಸಿಪಾಲರು ಊರಲ್ಲಿಲ್ಲ’ ಎಂದು ಸಾಗಹಾಕುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ: ಹತ್ತು ದಿನಕ್ಕೆ 36,000 ರೂಪಾಯಿ. ಬಾಯಿಮಾತು ಲೆಕ್ಕಕ್ಕಿಲ್ಲ. ಮೊದಲ ದಿನವೇ ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಅಂದೇ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಕಳಿಸಿ. ಅರ್ಜಿ ಕೈಸೇರಿದ 15 ದಿನದೊಳಗೆ ಹಣ ಕೊಡಬೇಕು.

ಕೆಲವು ವರ್ಷ ಯುಜಿಸಿ ಇನ್ನೂ ಕೈಬಿಚ್ಚಿದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್, ಅಕ್ಟೋಬರ್ 31ರವರೆಗೆ 1,000 ರೂಪಾಯಿಗಿಂತ ಹೆಚ್ಚು ಕಡಿತವಿಲ್ಲ ಎಂದಿತ್ತು. ಹಾಗಾಗಿ ಆಯಾ ವರ್ಷದ ಸುತ್ತೋಲೆ ನೋಡದೆ ಲೆಕ್ಕ ಹಾಕಬೇಡಿ.

‘ಮಾರ್ಕ್ಸ್ ಕಾರ್ಡ್, ಟಿಸಿ ಅವರ ಹತ್ತಿರವೇ ಇದೆ, ಏನು ಮಾಡೋದು?’ ಮೂಲ ದಾಖಲೆ ಇಟ್ಟುಕೊಳ್ಳುವ ಹಕ್ಕೇ ಅವರಿಗಿಲ್ಲ. ನೋಡಿ, ತಾಳೆ ಹಾಕಿ, ಅಲ್ಲೇ ಮರಳಿಸಬೇಕು. ಮಣಿಯದ ಕಾಲೇಜಿನ ಮೇಲೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಇಷ್ಟೂ ಕೋಚಿಂಗ್ ಸೆಂಟರ್‌ಗೆ ಅನ್ವಯಿಸುತ್ತದೆಂದು ತಿಳಿಯುವುದು ಮತ್ತೊಂದು ಎಡವಟ್ಟು. ಅಲ್ಲಿ ಯುಜಿಸಿಯ ಮಾತು ನಡೆಯದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ: ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ಕೊಡಬೇಕು, ಹಾಸ್ಟೆಲ್, ಮೆಸ್ ಹಣವೂ ಸೇರಿ. ಆದರೆ ಅದು ಮಾರ್ಗಸೂಚಿ, ಜಾರಿ ರಾಜ್ಯಗಳ ಕೈಯಲ್ಲಿದೆ. ನನ್ನನ್ನು ಕೇಳಿದರೆ ಕೋಚಿಂಗ್ ವಿಷಯದಲ್ಲಿ ಗಟ್ಟಿ ಅಸ್ತ್ರ ಗ್ರಾಹಕ ಆಯೋಗವೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಶುರುಮಾಡಿ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಕಾಲೇಜುಗಳ ಮೇಲೆ ಈ ದಾರಿ ಅಷ್ಟು ಸಲೀಸಲ್ಲ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಹೇಳಿದೆ, ಕೋಚಿಂಗ್‌ಗೆ ಮಾತ್ರ ಆ ವಿನಾಯಿತಿ ಕೊಡಲಿಲ್ಲ.

‘ನಡುವೆ ಬಿಟ್ಟರೆ ನಾಲ್ಕೂ ವರ್ಷದ ಫೀಸು ಕಟ್ಟಬೇಕು’ ಎಂದು ಹೆದರಿಸುವವರಿದ್ದಾರೆ. ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ್ದಕ್ಕಿಂತ ಹೆಚ್ಚು ಫೀಸನ್ನು ಮುಂಗಡ ವಸೂಲಿ ಮಾಡಬಾರದೆಂದಿದೆ. ಬಿಟ್ಟುಹೋಗಬಹುದಾದವರಿಂದ ಬಾಂಡ್ ಕೇಳಲು ಅದೇ ತೀರ್ಪು ಅವಕಾಶ ಕೊಟ್ಟಿದೆ. ಸಹಿ ಹಾಕಿದ್ದರೆ ಅದನ್ನೊಮ್ಮೆ ಓದಿ.

ಆನ್‌ಲೈನ್ ಕೋರ್ಸಿನ ‘ಸುಲಭ ಕಂತು’ ಬಹಳ ಸಲ ನಿಮ್ಮ ಹೆಸರಿನ ಸಾಲ. ಕೋರ್ಸ್ ರದ್ದಾದರೆ ಸಾಲ ತಾನಾಗಿ ರದ್ದಾಗದು. ಕಂತು ನಿಲ್ಲಿಸಿದರೆ ಸಿಬಿಲ್ ಅಂಕ ಕುಸಿಯುತ್ತದೆ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ‘ಕೂಲಿಂಗ್ ಆಫ್’ ಅವಧಿ ಕಡ್ಡಾಯ ಮಾಡಿದೆ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನವೆಂಬುದು ಸಾಲದ ಒಪ್ಪಂದದಲ್ಲಿರುತ್ತದೆ.