ಮೈಭಾರವೂ ಮನೆಯವರೂ

ಮೈಭಾರವನ್ನು ಇಳಿಸಿಕೊಳ್ಳಬೇಕೆಂದು ವೈದ್ಯರು ಹೇಳುವುದು ಒಬ್ಬರಿಗೆ. ಆದರೆ ಒಲೆಯು ಮನೆಮಂದಿಗೆಲ್ಲ ಒಂದೇ. ಕಲಬುರಗಿಯ ಮೋಮಿನಪುರದಲ್ಲಿ ಹಲವರು ಒಂದೇ ದಸ್ತರಖಾನಿನ ಸುತ್ತ ಕುಳಿತು ಉಣ್ಣುವ ಮನೆಗಳನ್ನು ನೋಡಿದಾಗ ಈ ತೊಡಕು ನಮಗೆ ಚೆನ್ನಾಗಿ ತಿಳಿಯುವುದು. ಎಲ್ಲರ ಮುಂದೆಯೂ ಬಿಸಿ ತಹರಿ ಇರುವಾಗ ಒಬ್ಬಾಕೆಯ ಮುಂದೆ ಮಾತ್ರ ಸೌತೆಕಾಯಿಯ ಹೋಳುಗಳಿದ್ದರೆ, ಅದು ಪಥ್ಯವೋ ದಂಡನೆಯೋ ಎಂಬುದನ್ನು ವಾಚಕರೇ ಊಹಿಸಬೇಕು.

ಬೇಡವೆಂದರೂ ಬಡಿಸುವುದು ನಮ್ಮ ಸೀಮೆಯ ಔದಾರ್ಯ. ಎಳ್ಳಮಾವಾಸ್ಯೆಯ ಹೊಲದೂಟದಲ್ಲಾಗಲಿ, ರಮಜಾನಿನ ಇಫ್ತಾರಿನಲ್ಲಾಗಲಿ, “ಇದೊಂದು ತುತ್ತು, ನನ್ನ ಸಲುವಾಗಿ” ಎಂಬ ಮಾತಿಗೆ ಇಲ್ಲವೆನ್ನುವವರಾರು? ಪ್ರೀತಿಯಿಂದ ಬಂದ ಆ ತುತ್ತನ್ನು ನಿರಾಕರಿಸಿದವಳು ಬಿಂಕದವಳೆನಿಸುವಳು. ಉಂಡರೆ ಮರುದಿನ ಅವರೇ “ಬಾಯಿ ಕಟ್ಟಲಾರಳು” ಎಂದು ಆಡಿಕೊಳ್ಳುವರು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ಬಂಧುಗಳು ನಾಲ್ವರ ಎದುರಿಗೆ ಅವರ ಮೈಯನ್ನು ಅಳೆದು ನುಡಿಯುವುದನ್ನು ಹಿತವಚನವೆಂದು ಭಾವಿಸುವರು. ನಮ್ಮ ಮಟ್ಟಿಗೆ ಅದು ಹಿತವಲ್ಲ, ಹಿಂಸೆ.

ಚುಚ್ಚುನುಡಿಯಿಂದ ಮೈ ಇಳಿಯುವುದೆಂಬ ನಂಬಿಕೆಗೆ ಆಧಾರವೂ ದುರ್ಬಲ. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ 2,944 ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮೈಭಾರದ ನಿಮಿತ್ತ ಅನಾದರಕ್ಕೊಳಗಾದೆವೆಂದವರ ತೂಕವು ಸರಾಸರಿ ಸುಮಾರು ಒಂದು ಕಿಲೋ ಏರಿತ್ತು; ಉಳಿದವರದು ಸುಮಾರು ಮುಕ್ಕಾಲು ಕಿಲೋ ಇಳಿದಿತ್ತು. ನೊಂದ ಜೀವವು ಸಮಾಧಾನವನ್ನು ಅನ್ನದಲ್ಲಿಯೇ ಹುಡುಕುವುದು ಆಶ್ಚರ್ಯವಲ್ಲ. ಅಲ್ಲದೆ ದೇಹ ಸ್ಥೂಲವಾಗಲು ನಾಲಗೆಯ ಚಾಪಲ್ಯವೊಂದೇ ಕಾರಣವೂ ಅಲ್ಲ: ಥೈರಾಯ್ಡಿನ ಕೊರತೆ, ಇನ್ಸುಲಿನ್ ಮೊದಲಾದ ಕೆಲವು ಔಷಧಿಗಳು, ನಿದ್ರಾಹೀನತೆ ಇವೂ ಕಾರಣವಾಗಬಲ್ಲವು.

ಕೂಡಿ ಬಾಳುವವರ ಮೈಗಳು ಕೂಡಿಯೇ ಬೆಳೆಯುವುದುಂಟು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಹೃದಯಾಧ್ಯಯನಕ್ಕೆ ಸಂಬಂಧಿಸಿದ 12,067 ಜನರ 1971ರಿಂದ 2003ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಇಬ್ಬರು ಪಂಡಿತರು, ದಂಪತಿಗಳಲ್ಲಿ ಒಬ್ಬರು ಸ್ಥೂಲರಾದರೆ ಇನ್ನೊಬ್ಬರೂ ಹಾಗಾಗುವ ಸಂಭವವು ಶೇಕಡಾ 37ರಷ್ಟು ಹೆಚ್ಚೆಂದು 2007ರಲ್ಲಿ ಬರೆದರು. ಸ್ನೇಹಿತರಲ್ಲಿ ಅದು ಶೇಕಡಾ 57! ಇದು ಸಹವಾಸದ ಫಲವೋ, ಸಮಾನಶೀಲರು ಕೂಡುವುದರ ಫಲವೋ ಎಂಬ ವಾದವು ನಡೆದೇ ಇದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಬೇರೆ ಪಾತ್ರೆಯಲ್ಲಿ ಪಥ್ಯವನ್ನು ಬೇಯಿಸುವ ಬದಲು ದೊಡ್ಡ ಪಾತ್ರೆಯನ್ನೇ ತಿದ್ದುವುದು ಲೇಸು. ತಹರಿಗೆ ಎಣ್ಣೆಯನ್ನು ಧಾರೆಯಾಗಿ ಸುರಿಯದೆ ಚಮಚದಿಂದ ಅಳೆದು ಹಾಕಿದರೆ ಮಾವನವರಿಗೂ ಮಕ್ಕಳಿಗೂ ಕೇಡಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಲೆ ಇವು ನಮ್ಮ ಜಿಲ್ಲೆಯ ನಿತ್ಯದ ಊಟವೇ ಆಗಿವೆ; ಶೇಂಗಾ ಹಿಂಡಿಯ ಮೇಲೆ ಮಾತ್ರ ಕೈ ಬಿಗಿಯಿರಲಿ. ನೆಂಟರ ಮನೆಗೆ ಮಿಠಾಯಿಯ ಡಬ್ಬಿಯನ್ನೇ ಒಯ್ಯಬೇಕೆಂಬ ನೇಮವೂ ಇಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಚ ದುಬಾರಿಯಾದರೂ ಗೌರವದ ಕಾಣಿಕೆಯೇ. ಆದರೆ ಸಕ್ಕರೆ ಕಾಯಿಲೆಯವರಿಗೆ ಅದನ್ನೂ ಹಂಚಿಯೇ ಕೊಡಬೇಕು.

ತಕ್ಕಡಿಯ ಅಂಕೆಯನ್ನು ದಿನವೂ ವಿಚಾರಿಸುವುದನ್ನು ಬಿಟ್ಟುಬಿಡಬೇಕು. ಹೊಟ್ಟೆಯ ಸುತ್ತಳತೆಯು ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರದಿರುವುದು ಕ್ಷೇಮವೆನ್ನುವರು. ಅದನ್ನು ತಿಂಗಳಿಗೊಮ್ಮೆ, ಆಕೆಯೇ ತನ್ನ ಪಾಡಿಗೆ ನೋಡಿಕೊಂಡರೆ ಸಾಕು.

ಇನ್ನು ನಡಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಗೆ ನಡೆಯಲು ಹೊತ್ತೆಲ್ಲಿ? ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ ಆಕೆಗೆ ಉಳಿಯುವುದು ಮುಂಜಾವಿನ ಒಂದು ಗಳಿಗೆ ಮಾತ್ರ. ಆ ಹೊತ್ತಿನಲ್ಲಿ ಮಗನು ಚಹಾ ಕಾಯಿಸಿ, ಪತಿಯು ಮಕ್ಕಳನ್ನು ಎಬ್ಬಿಸಿದರೆ, ನಾದಿನಿಯೋ ಮಗಳೋ ಜೊತೆಗೂಡಿ ಆಕೆ ಅಪ್ಪನ ಕೆರೆಯ ದಂಡೆಗೆ ಹೋಗಿ ಬರಬಹುದು.