ನಂಬಿಕೆ ಬಾರದವರನ್ನು ದೂಷಿಸಬಹುದೇ?



ಶ್ರಾವಣ ಮಾಸದ ಪ್ರವಚನಕ್ಕೆಂದು ನಾವು ತಿಕೋಟಾಕ್ಕೆ ದಯಮಾಡಿಸಿದಾಗ, ದ್ರಾಕ್ಷಿ ತೋಟದ ಹಿರಿಯರೊಬ್ಬರು ಬಂದು ಕಣ್ಣೀರು ತಂದರು. ವಿಜಯಪುರ ನಗರದಲ್ಲಿ ಓದುವ ಅವರ ಮಗ ಲಿಂಗಪೂಜೆ ಬಿಟ್ಟಿದ್ದಾನೆ. “ಒಂದು ವರ್ಷ ತಪ್ಪದೆ ಕೂತು ನೋಡಿದೆ, ನಂಬಿಕೆ ಬರಲಿಲ್ಲ, ಬಂದಂತೆ ನಟಿಸಲಾರೆ” ಎನ್ನುತ್ತಾನಂತೆ. “ಅಜ್ಜಾರ, ಇವನನ್ನ ಮನಿಯಿಂದ ಹೊರಗ ಹಾಕಲೇನ್ರಿ?” ಎಂದು ಕೇಳಿದರು.

ಮನುಷ್ಯನ ಕೈಯಲ್ಲಿರುವುದಕ್ಕೆ ಮಾತ್ರ ಅವನು ಹೊಣೆ. ಹೊಲ ಹರಗದ ಒಕ್ಕಲಿಗನನ್ನು ದೂಷಿಸಬಹುದು. ಮಳೆ ಬಾರದ್ದಕ್ಕೆ ಅವನನ್ನು ದೂಷಿಸುವವರುಂಟೇ? ಬರಗಾಲ ಕಂಡ ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗ ಹರಗಿದ್ದಾನೆ, ಮಳೆ ಬಂದಿಲ್ಲ.

ಶಾಸ್ತ್ರವೂ ಇದನ್ನೇ ಸೂಚಿಸುತ್ತದೆ. ಷಟ್‌ಸ್ಥಲದಲ್ಲಿ ಮೊದಲನೆಯದು ಭಕ್ತಸ್ಥಲ. ಅದರ ಭಕ್ತಿ ಶ್ರದ್ಧಾಭಕ್ತಿ. ಆದರೆ ‘ಸಿದ್ಧಾಂತ ಶಿಖಾಮಣಿ’ಯ 101 ಸ್ಥಲಗಳು ಲಿಂಗಧಾರಣೆಯಿಂದ ಆರಂಭವಾಗುವುದಿಲ್ಲ. ಪಿಂಡ, ಪಿಂಡಜ್ಞಾನ, ಸಂಸಾರಹೇಯ, ಗುರುಕಾರುಣ್ಯ ಇವಾದ ಮೇಲೆ ಲಿಂಗಧಾರಣೆ. ಕಾರುಣ್ಯವೆಂದರೆ ಕೊಡುವವರದು, ಕಿತ್ತುಕೊಳ್ಳುವುದಲ್ಲ. “ಅದು ಅವನ ಕರ್ಮ” ಎಂದು ಕೆಲವರು ಹೇಳಿಯಾರು. ಆಣವ, ಮಾಯೀಯ, ಕಾರ್ಮಿಕ ಎಂಬ ಮಲತ್ರಯ ಜೀವರೆಲ್ಲರನ್ನೂ ಕಟ್ಟಿದೆ. ಶ್ರದ್ಧೆ ಕೃಪೆಯಿಂದ ಬರುವುದಾದರೆ, ಬಾರದವನು ಅಪರಾಧಿಯಲ್ಲ. ಬಂದವನು ಬೀಗುವಂತೆಯೂ ಇಲ್ಲ.

ಎ.ಎನ್. ಮೂರ್ತಿರಾಯರು 1991ರಲ್ಲಿ ‘ದೇವರು’ ಎಂಬ ಗ್ರಂಥ ಬರೆದು ತಮಗೇಕೆ ನಂಬಲಾಗದೆಂದು ವಿವರಿಸಿದರು. ನಾವು ಅದನ್ನು ಒಪ್ಪಿಲ್ಲ. ಆದರೆ ಅದರಲ್ಲಿ ಕಪಟ ಕಾಣಲಿಲ್ಲ. 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು, ಕಾಲೇಜಿನ ವಸತಿನಿಲಯದ ಕೋಣೆಯಲ್ಲೇ ಸರಳವಾಗಿ ಬಾಳಿದವರು. ಇಂಥವರ ನಡತೆಯಲ್ಲಿ ದೋಷ ಹುಡುಕುವುದು ಕಷ್ಟ.

ಹಾಗೆಂದು ನಂಬದವರಿಗೆ ಯಾವ ಹೊಣೆಯೂ ಇಲ್ಲವೆಂದಲ್ಲ. ತಾಯಿ ಹಚ್ಚಿದ ದೀಪವನ್ನು ಹೀಯಾಳಿಸುವುದು, ವಿಚಾರಿಸದೆ ಕಿವಿ ಮುಚ್ಚುವುದು ತಪ್ಪೇ. ಆದರೆ ಮೂರೆಳೆ ವಿಭೂತಿ ಧರಿಸಿ ಆಳಿನ ಕೂಲಿ ಮುರಿಯುವುದು ಅದಕ್ಕಿಂತ ದೊಡ್ಡ ತಪ್ಪು.

ನಮ್ಮದೂ ಒಂದು ತಪ್ಪುಂಟು. ಬಹಳ ವರ್ಷಗಳ ಹಿಂದೆ ಬಬಲೇಶ್ವರದ ಕಡೆಯ ಒಕ್ಕಲಿಗನೊಬ್ಬ ಮಗುವನ್ನು ಮಣ್ಣು ಮಾಡಿ ಬಂದು, “ದೇವರಿಲ್ಲರಿ ಅಜ್ಜಾರ” ಎಂದ. ಪ್ರಾಯದ ಗರ್ವದಲ್ಲಿ ನಾವು “ಹಾಗನ್ನುವುದು ಪಾಪ” ಎಂದು ಗದರಿದೆವು. ಅವನು ಮತ್ತೆ ಮಠದ ಮೆಟ್ಟಿಲು ಹತ್ತಲಿಲ್ಲ. ಅಂದು ಕಾರುಣ್ಯ ತಪ್ಪಿದ್ದು ಅವನಲ್ಲಲ್ಲ, ನಮ್ಮಲ್ಲಿ.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ದೇಹ ಬಿಟ್ಟ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಎಲ್ಲರೂ ಬರುತ್ತಿದ್ದರು. ನಂಬುವವನೋ ಅಲ್ಲವೋ ಎಂದು ಬಾಗಿಲಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ.

ಆ ಹಿರಿಯರಿಗೆ ನಾವು ಇಷ್ಟೇ ಹೇಳಿದೆವು: “ಮಗ ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಸಂತೋಷಪಡಿರಿ. ಒಂದೇ ಪಂಕ್ತಿಯಲ್ಲಿ ಕೂಡಿಸಿಕೊಂಡು ಉಣ್ಣಿರಿ. ನಿಮ್ಮ ಪೂಜೆ ನೀವು ಬಿಡಬೇಡಿರಿ. ಅದರ ಶಾಂತಿ ನಿಮ್ಮ ಮಾತಿನಲ್ಲಿ, ನಡತೆಯಲ್ಲಿ ಅವನಿಗೆ ಕಾಣಲಿ.” ಹಿರಿಯರು ಕಣ್ಣೊರೆಸಿಕೊಂಡು ಊರ ಬಸ್ಸು ಹತ್ತಿದರು.